ಆಕಾಶವಾಣಿಯ ಆದ್ಯ ಅಧ್ವರ್ಯು ಡಾ. ಎಂ. ವಿ. ಗೋಪಾಲಸ್ವಾಮಿ

ನಮ್ಮ ಪ್ರಾಚೀನರು ವಿದ್ಯೆಯನ್ನು ಕಣ್ಣಿನಿಂದ ಪಡೆಯುವುದಕ್ಕೆ ಮೊದಲು ಕಿವಿಯಿಂದ ಪಡೆದರು. ವೇದಕ್ಕೆ ಶ್ರುತಿಯೆಂಬ ಹೆಸರು ಬಂದದ್ದೂ, ಬಹಳ ತಿಳಿದವನು ಬಹುಶ್ರುತನೆನಿಸಿಕೊಂಡದ್ದೂ ಇದೇ ಕಾರಣದಿಂದ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶಿವಶರಣರ ಅನುಭಾವವು ಓಲೆಗರಿಯನ್ನು ಸೇರುವುದಕ್ಕೆ ಮೊದಲು ಗೋಷ್ಠಿಯಲ್ಲಿ ನುಡಿಯಾಗಿ ಮೂಡಿತು, ಕೇಳಿದವರ ಎದೆಯಲ್ಲಿ ನೆಲೆಯಾಯಿತು. ವಚನವೆಂಬ ಪದಕ್ಕೆ ಮಾತು ಎಂದೇ ಅರ್ಥ. ಹೇಳುವವನಿಗೆ ಕೇಳುವವನು ಬೇಕು. ಇಬ್ಬರೂ ಕೂಡಿದಲ್ಲಿ ವಿದ್ಯೆ ಸಂಭವಿಸುತ್ತದೆ.

ಈ ಪೀಠಿಕೆಗೆ ಕಾರಣವುಂಟು. ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ನಮ್ಮ ಶಾಲೆಯಲ್ಲಿ ವಿದ್ಯಾರ್ಥಿಗಳು ಈಚೆಗೆ ತಮ್ಮ ಸ್ವಂತ ಧ್ವನಿಯಲ್ಲಿ ಕಥೆಗಳನ್ನು ಹೇಳಿ, ಅವನ್ನು ಧ್ವನಿಮುದ್ರಿಸಿ, ತರಗತಿಯಲ್ಲಿ ಎಲ್ಲರಿಗೂ ಕೇಳಿಸುವ ಅಭ್ಯಾಸವನ್ನು ಕೈಗೊಂಡಿದ್ದಾರೆ. ಹೊಸ ಕಾಲದವರು ಇದನ್ನು ಪಾಡ್‌ಕಾಸ್ಟ್ ಎಂದು ಕರೆಯುತ್ತಾರೆ. ನಮ್ಮ ಮಕ್ಕಳು ಧ್ವನಿಕಥೆ ಎನ್ನುತ್ತಾರೆ. ಪಾಠಗಳನ್ನು ಸಕಾಲಕ್ಕೆ ಮುಗಿಸುವುದೇ ದುಸ್ತರವಾಗಿರುವಾಗ ಈ ಹೊಸ ವಿನೋದವೇಕೆ ಎಂಬ ಶಂಕೆ ಉಪಾಧ್ಯಾಯ ವರ್ಗದಲ್ಲಿ ತಲೆದೋರಿತ್ತು. ಈ ಲೇಖಕನಲ್ಲಿಯೂ ಅದು ಇಲ್ಲದೆ ಇರಲಿಲ್ಲ. ಆ ಶಂಕೆಗೆ ಸಮಾಧಾನವನ್ನು ಅರಸುತ್ತ ಹೋದಾಗ ನೆನಪಿಗೆ ಬಂದದ್ದು, ಇದೇ ಕನ್ನಡ ನಾಡಿನಲ್ಲಿ, ಹಿಂದೆ ನಮ್ಮ ಹಾಸನ ಜಿಲ್ಲೆಯೂ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ, ಒಬ್ಬ ಅಧ್ಯಾಪಕರು ತಮ್ಮ ಮನೆಯಿಂದಲೇ ನಡೆಸಿದ ಮಹತ್ಕಾರ್ಯ. ಅವರು ಡಾ. ಎಂ. ವಿ. ಗೋಪಾಲಸ್ವಾಮಿಯವರು. ಇಂದು ಭಾರತದ ಬಾನುಲಿ ಸಂಸ್ಥೆ ಹೊತ್ತಿರುವ ಹೆಸರು ಮೊದಲು ಅವರ ನಿಲಯದ ಹೆಸರಾಗಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅರಿಯರು.

ಗೋಪಾಲಸ್ವಾಮಿಯವರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜನಿಸಿದವರು. ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿ, ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರಾಗಿ ಅಧ್ಯಯನ ಮಾಡಿದರು. ಮನುಷ್ಯನ ನಾನಾ ಬಗೆಯ ಬುದ್ಧಿಶಕ್ತಿಗಳ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆಯೆಂದೂ ಅದನ್ನು ಗಣಿತದ ನೆರವಿನಿಂದ ಅಳೆಯಬಹುದೆಂದೂ 1904ರಲ್ಲಿ ಪ್ರತಿಪಾದಿಸಿ ಸ್ಪಿಯರ್‌ಮನ್ನರು ಲೋಕಖ್ಯಾತರಾಗಿದ್ದರು. ಮನಸ್ಸಿನ ವಿಷಯದಲ್ಲಿ ಊಹೆಗಿಂತ ಪ್ರಯೋಗವೇ ಪ್ರಮಾಣವೆಂಬ ದೃಷ್ಟಿ ಆ ಗುರುಪೀಠದ್ದು. ಆ ದೃಷ್ಟಿಯನ್ನು ಗೋಪಾಲಸ್ವಾಮಿಯವರು ತಾಯ್ನಾಡಿಗೆ ತಂದರು.

ಆಗ ಮೈಸೂರು ವಿಶ್ವವಿದ್ಯಾನಿಲಯ ಇನ್ನೂ ಎಳೆಯದು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸ್ಥಾಪಿತವಾದ ಆ ವಿದ್ಯಾಸಂಸ್ಥೆಗೆ ಇಪ್ಪತ್ತರ ದಶಕದಲ್ಲಿ ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿದ್ದರು. ಅವರ ಕಾಲದಲ್ಲಿ, 1924ರಲ್ಲಿ, ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವೊಂದು ಏರ್ಪಟ್ಟು ಅದರ ಹೊಣೆ ಗೋಪಾಲಸ್ವಾಮಿಯವರ ಪಾಲಿಗೆ ಬಂದಿತು. ಭಾರತದಲ್ಲಿ ಇಂತಹ ವಿಭಾಗ ಅದಕ್ಕೆ ಮೊದಲು ಕಲ್ಕತ್ತೆಯಲ್ಲಿ ಮಾತ್ರ ಇದ್ದಿತು. ಪುಸ್ತಕದ ಪಾಠದಿಂದ ತೃಪ್ತರಾಗದೆ ಅವರು ಪ್ರಯೋಗಶಾಲೆಯನ್ನು ಕಟ್ಟಿದರು. ತತ್ತ್ವಶಾಸ್ತ್ರದ ಒಂದು ಶಾಖೆಯೆಂದು ಮಾತ್ರ ಪರಿಗಣಿತವಾಗಿದ್ದ ವಿಷಯವನ್ನು ಯಂತ್ರೋಪಕರಣಗಳ ನಡುವೆ ಕುಳಿತು ಪರೀಕ್ಷಿಸಬೇಕಾದ ಶಾಸ್ತ್ರವನ್ನಾಗಿ ವಿದ್ಯಾರ್ಥಿಗಳು ಅವರಲ್ಲಿ ಕಲಿತರು. ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಅವರು ಗಳಿಸಿದ ಗೌರವಕ್ಕೆ ಈ ಶಿಸ್ತೇ ಮೂಲ.

ಆ ದಿನಗಳ ಮಹಾರಾಜ ಕಾಲೇಜು ಕನ್ನಡದ ಪುನರುಜ್ಜೀವನದ ತವರಾಗಿದ್ದಿತು. ಬಿ. ಎಂ. ಶ್ರೀಕಂಠಯ್ಯನವರು, ಟಿ. ಎಸ್. ವೆಂಕಣ್ಣಯ್ಯನವರು, ಎ. ಆರ್. ಕೃಷ್ಣಶಾಸ್ತ್ರಿಗಳು ಮೊದಲಾದ ಮಹನೀಯರು ಹೊಸಗನ್ನಡಕ್ಕೆ ತೇಜಸ್ಸನ್ನು ತುಂಬುತ್ತಿದ್ದರು. 1929ರಲ್ಲಿ ತರುಣ ಕವಿ ಕುವೆಂಪು ಅಲ್ಲಿಯೇ ಅಧ್ಯಾಪಕರಾದರು. ಇಂತಹ ವಿದ್ವನ್ಮಂಡಲದ ನಡುವೆ ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಕನ್ನಡದ ನುಡಿಗೂ ಹಾಡಿಗೂ ಹೊಸದೊಂದು ವಾಹನವನ್ನು ಕಲ್ಪಿಸುವರೆಂದು ಯಾರು ತಾನೆ ಎಣಿಸಿದ್ದರು!

ಅಂದಿನ ಭಾರತದಲ್ಲಿ ಬಾನುಲಿಯ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. 1924ರಲ್ಲಿ ಮದರಾಸಿನ ಆಸಕ್ತರು ಒಂದು ರೇಡಿಯೋ ಸಂಘವನ್ನು ಕಟ್ಟಿ ಪ್ರಸಾರವನ್ನು ಆರಂಭಿಸಿದರು. ಹಣದ ಅಭಾವದಿಂದ ಮೂರು ವರ್ಷಗಳಲ್ಲಿ ಅದು ನಿಂತುಹೋಯಿತು. 1927ರಲ್ಲಿ ಮುಂಬಯಿಯಲ್ಲಿಯೂ ಕಲ್ಕತ್ತೆಯಲ್ಲಿಯೂ ಖಾಸಗಿ ಸಂಸ್ಥೆಯೊಂದು ನಿಲಯಗಳನ್ನು ತೆರೆಯಿತು. ರೇಡಿಯೋ ಇಟ್ಟುಕೊಳ್ಳುವವನು ವರ್ಷಕ್ಕೆ 10 ರೂಪಾಯಿ ಕೊಟ್ಟು ಪರವಾನಗಿ ಪಡೆಯಬೇಕಾಗಿದ್ದ ಆ ಕಾಲದಲ್ಲಿ ಕೇಳುಗರ ಸಂಖ್ಯೆ ಬೆಳೆಯಲಿಲ್ಲ. 1930ರ ವೇಳೆಗೆ ಆ ಸಂಸ್ಥೆಯೂ ದಿವಾಳಿಯಾಗಿ ಪ್ರಸಾರದ ಹೊಣೆ ಬ್ರಿಟಿಷ್ ಸರ್ಕಾರದ ಮೇಲೆ ಬಿದ್ದಿತು. ಬಂಡವಾಳಗಾರರು ಕೂಡಿ ನಡೆಸಿದರೂ ನಿಲ್ಲದೆ ಹೋದ ಉದ್ಯಮವದು. ಲಾಭದ ಆಸೆಯಿಂದ ಅದಕ್ಕೆ ಕೈಹಾಕುವವನು ಅವಿವೇಕಿಯೆನಿಸಿಕೊಳ್ಳುತ್ತಿದ್ದನು. ಗೋಪಾಲಸ್ವಾಮಿಯವರಿಗೆ ಲಾಭದ ಆಸೆ ಇರಲಿಲ್ಲವಾದ್ದರಿಂದ ಆ ಅಪವಾದಕ್ಕೆ ಅವರು ಗುರಿಯಾಗಲಿಲ್ಲ.

1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಅವರ ನಿವಾಸವಾದ ವಿಠ್ಠಲ ವಿಹಾರದಿಂದ ಪ್ರಸಾರ ಆರಂಭವಾಯಿತು. ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವಾಟ್. ಓದುವ ಕೋಣೆಯ ಒಂದು ಸಣ್ಣ ಹಳೆಯ ಬಲ್ಬಿಗೆ ಬೇಕಾದಷ್ಟು ವಿದ್ಯುತ್ತು ಅದು! ಅಷ್ಟು ಅಲ್ಪ ಶಕ್ತಿಯಿಂದ ಹೊರಟ ಧ್ವನಿ ಮೈಸೂರು ನಗರದ ಸುತ್ತುಮುತ್ತಲನ್ನು ದಾಟಿ ಬಹುದೂರ ಹೋಗುವಂತಿರಲಿಲ್ಲ. ಸಕಲೇಶಪುರ ಆಗ ಕೇಂದ್ರವಾಗಿದ್ದ ನಮ್ಮ ಮಂಜರಾಬಾದ್ ಸೀಮೆಯ ಬೆಟ್ಟಗಳ ಮಾತಂತೂ ದೂರವೇ ಉಳಿಯಿತು. ಆದರೂ ಕನ್ನಡಿಗನೊಬ್ಬನ ಮನೆಯೊಳಗೆ ಆಡಿದ ಮಾತು ತಂತಿಯ ಹಂಗಿಲ್ಲದೆ ಇನ್ನೊಬ್ಬ ಕನ್ನಡಿಗನ ಮನೆಯನ್ನು ಹೊಕ್ಕಿತು.

ಈ ಕ್ರಿಯೆಯ ಮರ್ಮವನ್ನು ನಮ್ಮ ಮಕ್ಕಳಿಗಾಗಿ ಎರಡು ಮಾತಿನಲ್ಲಿ ಹೇಳಬಹುದು. ನುಡಿದ ಮಾತು ಗಾಳಿಯಲ್ಲಿ ಕಂಪನವಾಗುತ್ತದೆ. ಮೈಕು ಆ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಪ್ರೇಷಕ ಯಂತ್ರವು ಆ ಏರಿಳಿತವನ್ನು ಅತಿವೇಗದ ವಿದ್ಯುತ್ಕಾಂತ ತರಂಗದ ಮೇಲೆ ಹೊರಿಸಿ ಎತ್ತರದ ತಂತಿಯಿಂದ ಆಕಾಶಕ್ಕೆ ಬಿಡುತ್ತದೆ. ಕೇಳುಗನ ಮನೆಯ ರೇಡಿಯೋ ಆ ತರಂಗವನ್ನು ಹಿಡಿದು, ವಾಹಕವನ್ನು ಬೇರ್ಪಡಿಸಿ, ಮಾತನ್ನು ಮಾತ್ರ ಮತ್ತೆ ಗಾಳಿಗೆ ಒಪ್ಪಿಸುತ್ತದೆ. ಕುದುರೆಯ ಮೇಲೆ ಬಂದ ಅತಿಥಿ ಬಾಗಿಲಲ್ಲಿ ಇಳಿದು ಒಳಗೆ ಬರುವಂತೆ ಎಂದರೆ ತಪ್ಪಾಗಲಾರದು.

ಅಂದಿನ ಪ್ರಸಾರ ಬಹುಮಟ್ಟಿಗೆ ನೇರ ಪ್ರಸಾರ. ಹಾಡುವವರು ನಿಗದಿಯಾದ ಹೊತ್ತಿಗೆ ಮೈಕಿನ ಮುಂದೆ ಕುಳಿತು ಹಾಡಬೇಕು. ಉಪನ್ಯಾಸಕರು ಬರೆದುದನ್ನು ತಡವರಿಸದೆ ಓದಬೇಕು. ಇಂದಿನಂತೆ ತಪ್ಪಿದಲ್ಲಿ ಅಳಿಸಿ ಮತ್ತೊಮ್ಮೆ ಹೇಳುವ ಅವಕಾಶವಿಲ್ಲ. ಕೆಮ್ಮಿದರೆ ಕೆಮ್ಮು, ಕುರ್ಚಿ ಸರಿದರೆ ಅದರ ಸದ್ದು ಊರಿಗೆಲ್ಲ ಕೇಳಿಸಿತು. ಇದು ಮಾತನಾಡುವವರಿಗೆ ಒಂದು ತಪಸ್ಸು. ಎದುರಿಗೆ ಸಭೆಯಿಲ್ಲ, ತಲೆದೂಗುವ ರಸಿಕರಿಲ್ಲ. ಕಾಣದ ಕೇಳುಗನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ಅವನಿಗೆ ಗೌರವ ಸಲ್ಲುವಂತೆ ನುಡಿಯಬೇಕು. ಮನಸ್ಸಿನ ಶಾಸ್ತ್ರವನ್ನು ಬಲ್ಲ ಗೋಪಾಲಸ್ವಾಮಿಯವರಿಗೆ ಈ ಕಾಣದ ಕೇಳುಗನ ಮಹತ್ವ ಚೆನ್ನಾಗಿ ತಿಳಿದಿದ್ದಿರಬೇಕು. ಸಂಗೀತವೂ ಭಾಷಣವೂ ಆ ನಿಲಯದ ಮುಖ್ಯ ಕಾರ್ಯಕ್ರಮಗಳಾಗಿದ್ದವು. ಕುವೆಂಪು ಅವರ ಕವಿತಾವಾಚನ ಆ ನಿಲಯದ ಮೊದಲ ದಿನಗಳ ಕಾರ್ಯಕ್ರಮಗಳಲ್ಲಿ ಒಂದಾಗಿ ಸ್ಮರಣೀಯವಾಗಿದೆ.

ನಿಲಯಕ್ಕೆ ಇಟ್ಟ ಹೆಸರು ಆಕಾಶವಾಣಿ. ಪುರಾಣಗಳಲ್ಲಿ ಅಶರೀರವಾಣಿಗೆ ಸಲ್ಲುತ್ತಿದ್ದ ಪದವನ್ನು ಹೊಸ ಯಂತ್ರಕ್ಕೆ ಒಪ್ಪಿಸಿದ ಆ ಸೂಕ್ಷ್ಮಮತಿಗೆ ಭಾಷಾಭಿಮಾನಿಗಳು ತಲೆಬಾಗಬೇಕು. ಈ ಹೆಸರನ್ನು ಸೂಚಿಸಿದವರು ಮೈಸೂರಿನಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದ, ಕನ್ನಡದ ಹಾಸ್ಯಸಾಹಿತಿ ನಾ. ಕಸ್ತೂರಿಯವರೆಂದು ಪ್ರತೀತಿಯಿದೆ. ಕಸ್ತೂರಿಯವರ ಹುಟ್ಟೂರು ಕೇರಳ. ಕನ್ನಡ ಅವರು ಕಲಿತು ಒಲಿಸಿಕೊಂಡ ನುಡಿ. ಪರಭಾಷೆಯ ಮನೆಯಿಂದ ಬಂದವರೊಬ್ಬರು ಕನ್ನಡಿಗರಿಗೆ ಇಂತಹ ಪದವನ್ನು ಕೈಗಿತ್ತರೆಂಬುದು ನಮ್ಮ ನುಡಿಯ ಆತಿಥ್ಯಕ್ಕೆ ಸಾಕ್ಷಿ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬ್ರಿಟಿಷ್ ಭಾರತದ ಪ್ರಸಾರ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು 1936ರ ಜೂನ್ ತಿಂಗಳಲ್ಲಿ. ಅದಕ್ಕೆ ಒಂಬತ್ತು ತಿಂಗಳು ಮೊದಲೇ ಮೈಸೂರಿನ ಮನೆಯೊಂದು ಆಕಾಶವಾಣಿಯಾಗಿತ್ತು.

ಹೆಸರು ದೊಡ್ಡದಾದರೂ ಅದನ್ನು ಪ್ರತಿದಿನ ಸಾರ್ಥಕಗೊಳಿಸುವುದು ಸುಲಭವಲ್ಲ. ಒಂದು ದಿನದ ಸಮಾರಂಭವಾದರೆ ಉತ್ಸಾಹ ಸಾಕು; ದಿನದಿನವೂ ಪ್ರಸಾರ ನಡೆಯಬೇಕಾದರೆ ಹಣ, ಯಂತ್ರದ ದುರಸ್ತಿ, ಕಲಾವಿದರ ಮನವೊಲಿಕೆ, ಸಮಯಪಾಲನೆ ಇವೆಲ್ಲವೂ ಬೇಕು. ಹಗಲು ಕಾಲೇಜಿನ ಕರ್ತವ್ಯ. ಅದರ ಜೊತೆಗೆ ನಿಲಯದ ಹೊರೆ. ಗೋಪಾಲಸ್ವಾಮಿಯವರು ಸ್ವಂತ ಹಣವನ್ನು ತೊಡಗಿಸಿ, ನಗರದ ಆಸಕ್ತರ ಸಹಕಾರವನ್ನು ಕೂಡಿಸಿಕೊಂಡು, ವರ್ಷಗಟ್ಟಲೆ ಈ ಕಾರ್ಯವನ್ನು ನಡೆಸಿದರು. ಮುಂದೆ 30 ವಾಟಿನ ಯಂತ್ರದ ಸ್ಥಾನದಲ್ಲಿ 250 ವಾಟಿನ ಯಂತ್ರ ಬಂದು ಧ್ವನಿಯ ವ್ಯಾಪ್ತಿ ಹಿಗ್ಗಿತು. ಮದರಾಸಿನ ಸಂಘ ಮೂರು ವರ್ಷದಲ್ಲಿ, ಮುಂಬಯಿಯ ಸಂಸ್ಥೆ ಅಷ್ಟೇ ಅವಧಿಯಲ್ಲಿ ಸೋತ ಮಾರ್ಗದಲ್ಲಿ ಒಬ್ಬ ಅಧ್ಯಾಪಕರು ಆರು ವರ್ಷಗಳನ್ನು ದಾಟಿದರು. ನಮ್ಮ ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಅಧ್ಯಾಪನ ಅವರ ಕಾಯಕವಾಗಿತ್ತು, ಆಕಾಶವಾಣಿ ಅವರ ದಾಸೋಹವಾಗಿತ್ತು.

1942ರ ಹೊತ್ತಿಗೆ ನಿಲಯವನ್ನು ಮೈಸೂರು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ತಾನು ಹುಟ್ಟಿಸಿ ಬೆಳೆಸಿದ ಸಂಸ್ಥೆಯನ್ನು ತನ್ನ ಕೈಯಿಂದ ಬಿಟ್ಟುಕೊಡುವುದು ಹೆಣ್ಣುಮಗಳನ್ನು ಗಂಡನ ಮನೆಗೆ ಕಳುಹಿಸಿದಂತೆ. ಸಂತೋಷವೂ ಉಂಟು, ಸಂಕಟವೂ ಉಂಟು. ಸ್ವಾತಂತ್ರ್ಯಾನಂತರ, 1950ರಲ್ಲಿ, ಸಂಸ್ಥಾನದ ನಿಲಯ ಭಾರತ ಸರ್ಕಾರದ ಪ್ರಸಾರ ಸಂಸ್ಥೆಯಲ್ಲಿ ವಿಲೀನವಾಯಿತು. 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯದ ಉದ್ಘಾಟನೆಯಾಗಿ ಮೈಸೂರಿನ ಪ್ರಸಾರ ಅಲ್ಲಿಗೆ ಸ್ಥಳಾಂತರಗೊಂಡಿತು. ಹೆಚ್ಚು ಶಕ್ತಿಯ ಯಂತ್ರದಿಂದ ಕನ್ನಡ ನಾಡಿಗೆಲ್ಲ ಧ್ವನಿ ಮುಟ್ಟಿತೆಂಬುದು ನಿಜ. ಆದರೆ ಆಕಾಶವಾಣಿಯನ್ನು ಹೆತ್ತ ಊರು ಮೌನವಾಯಿತು. ಅದನ್ನು ಹೆತ್ತವರು ಆಗ ಇನ್ನೂ ಬದುಕಿದ್ದರು. ಗೋಪಾಲಸ್ವಾಮಿಯವರು 1957ರಲ್ಲಿ ಕಾಲವಶರಾದರು. ಮೈಸೂರಿನಲ್ಲಿ ಮತ್ತೆ ನಿಲಯ ತೆರೆದದ್ದು 1974ರಲ್ಲಿ. ಅದನ್ನು ಕೇಳಲು ಅವರು ಇರಲಿಲ್ಲ.

ಆದರೆ ಅವರು ಇಟ್ಟ ಹೆಸರು ಮೌನವಾಗಲಿಲ್ಲ. ಐವತ್ತರ ದಶಕದ ಉತ್ತರಾರ್ಧದಲ್ಲಿ ಭಾರತ ಸರ್ಕಾರ ತನ್ನ ಬಾನುಲಿ ಸಂಸ್ಥೆಗೆ ಆಕಾಶವಾಣಿಯೆಂಬ ಹೆಸರನ್ನು ಅಂಗೀಕರಿಸಿತು. ಬಹುಕಾಲ ಇಂಗ್ಲಿಷಿನ ಹೆಸರೂ ಜೊತೆಯಲ್ಲೇ ನಡೆದುಬಂದಿತು. 2023ರಲ್ಲಿ ಆ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂದೇ ಬಳಸತಕ್ಕದ್ದೆಂದು ಆದೇಶವಾಯಿತು. ವಿಠ್ಠಲ ವಿಹಾರದಲ್ಲಿ ಮೊದಲು ಮೊಳಗಿದ ಹೆಸರು ಎಂಬತ್ತೆಂಟು ವರ್ಷಗಳ ತರುವಾಯ ರಾಷ್ಟ್ರಕ್ಕೆಲ್ಲ ಒಂದೇ ಹೆಸರಾಗಿ ನಿಂತಿತು. ಹೆಸರನ್ನು ಎಲ್ಲರೂ ಬಲ್ಲರು, ಹೆಸರಿಟ್ಟು ನಡೆಸಿದವರನ್ನು ಕೆಲವರು ಮಾತ್ರ ಬಲ್ಲರು. ಅಡಿಗಲ್ಲಿನ ಭಾಗ್ಯವೇ ಹಾಗೆ. ಅದು ಮಣ್ಣಿನೊಳಗಿದ್ದರೇನೇ ಗೋಡೆ ನಿಲ್ಲುವುದು.

ಇನ್ನು ನಮ್ಮ ಶಾಲೆಯ ವಿಷಯಕ್ಕೆ ಬರೋಣ. ಗೋಪಾಲಸ್ವಾಮಿಯವರ ಜೀವನದಿಂದ ನಮ್ಮ ತರಗತಿಗೆ ದೊರೆಯುವ ಪಾಠಗಳಲ್ಲಿ ಮೊದಲನೆಯದು, ಯಂತ್ರ ಚಿಕ್ಕದೆಂದು ಕಾರ್ಯವನ್ನು ಮುಂದೂಡಬಾರದೆಂಬುದು. ಅಂದು 30 ವಾಟಿಗೆ ಒಂದು ಮನೆ ಮೀಸಲಾಗಬೇಕಾಯಿತು. ಇಂದು ಉಪಾಧ್ಯಾಯರ ಜೇಬಿನಲ್ಲಿರುವ ಮೊಬೈಲು ಮೈಕೂ ಹೌದು, ಧ್ವನಿಮುದ್ರಕವೂ ಹೌದು. ಅಂದಿನ ನೇರ ಪ್ರಸಾರದಲ್ಲಿ ನುಡಿ ಆಡಿದ ಕ್ಷಣವೇ ಗಾಳಿಗೆ ಸೇರಿಹೋಗುತ್ತಿತ್ತು. ಇಂದು ಅದೇ ನುಡಿಯನ್ನು ವರ್ಷಗಳ ಮೇಲೆ ಮತ್ತೆ ಕೇಳಬಹುದು. ಆ ಪುಣ್ಯ ಅವರಿಗಿರಲಿಲ್ಲ, ನಮಗಿದೆ.

ಎರಡನೆಯ ಪಾಠ ಸಿದ್ಧತೆಯದು. ಧ್ವನಿಕಥೆಯೆಂದರೆ ಬಾಯಿಗೆ ಬಂದುದನ್ನು ಆಡುವುದಲ್ಲ. ವಿದ್ಯಾರ್ಥಿ ಮೊದಲು ಕಥೆಯನ್ನು ಬರೆಯಬೇಕು. ಬರೆದುದನ್ನು ಗಟ್ಟಿಯಾಗಿ ಓದಿ, ಉಸಿರು ಸಾಲದ ವಾಕ್ಯವನ್ನು ಒಡೆಯಬೇಕು. ಕಣ್ಣಿಗೆ ಕಾಣಬೇಕಾದುದನ್ನು ಕಿವಿಗೆ ತಿಳಿಯುವಂತೆ ಮಾಡಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಹಕಾರ ಅಕಾರಗಳ ಭೇದ, ಶಕಾರ ಸಕಾರಗಳ ಭೇದವನ್ನು ಕರಿಹಲಗೆಯ ಮೇಲೆ ಹತ್ತು ಸಲ ಬರೆದು ತೋರಿಸಿದರೂ ಮೂಡದ ಎಚ್ಚರ, ತನ್ನ ಧ್ವನಿಯನ್ನು ತಾನೇ ಒಮ್ಮೆ ಕೇಳಿಸಿಕೊಂಡ ವಿದ್ಯಾರ್ಥಿಯಲ್ಲಿ ಮೂಡಿದುದನ್ನು ಈ ಲೇಖಕ ಕಣ್ಣಾರೆ ಕಂಡಿದ್ದಾನೆ. ವ್ಯಾಕರಣದ ಗಂಟೆಯನ್ನು ಈ ಅಭ್ಯಾಸ ಕಸಿದುಕೊಳ್ಳುವುದೆಂಬ ಶಂಕೆ ಅಲ್ಲಿಗೆ ನಿವಾರಣೆಯಾಯಿತು.

ಮೂರನೆಯದು ಮೌನದ ಪಾಠ. ನಮ್ಮ ಸೀಮೆಯಲ್ಲಿ ಆಷಾಢದ ಜಡಿಮಳೆ ತಗಡಿನ ಚಾವಣಿಯ ಮೇಲೆ ಸುರಿಯತೊಡಗಿದರೆ ಪಕ್ಕದವನ ಮಾತೇ ಕೇಳಿಸದು. ಧ್ವನಿಮುದ್ರಣ ಎಲ್ಲಿಂದ ಬಂದೀತು! ಮಕ್ಕಳು ಹಂಚಿನ ಹೊದಿಕೆಯ ಹಳೆಯ ಉಗ್ರಾಣವನ್ನು ಆರಿಸಿಕೊಂಡು, ಗೋಡೆಗೆ ಕಂಬಳಿಗಳನ್ನು ತೂಗುಹಾಕಿ, ಮಳೆ ತಗ್ಗುವವರೆಗೆ ಸದ್ದಿಲ್ಲದೆ ಕಾಯುವುದನ್ನು ಕಲಿತರು. ಒಬ್ಬನು ಹೇಳುವಾಗ ನಲವತ್ತು ಮಂದಿ ಸುಮ್ಮನಿರಬೇಕೆಂಬ ನಿಯಮವನ್ನು ಯಾರೂ ಗದರಿಸಿ ಹೇಳಿಕೊಡಬೇಕಾಗಲಿಲ್ಲ.

ಎಲ್ಲಕ್ಕಿಂತ ಮಿಗಿಲಾದುದು ನಾಲ್ಕನೆಯ ಪಾಠ. ಕಾಫಿ ತೋಟದ ಲೈನು ಮನೆಯಿಂದ ಬರುವ ಬಾಲಕಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಿದವಳೇ ಅಲ್ಲ. ಧ್ವನಿಕಥೆಯ ಸರದಿ ಬಂದಾಗ ಅವಳು ತನ್ನ ಅಜ್ಜಿ ಹೇಳುತ್ತಿದ್ದ ಕಥೆಯೊಂದನ್ನು ಕಂಬಳಿಯ ಮರೆಯಲ್ಲಿ ಕುಳಿತು ಮೈಕಿಗೆ ಹೇಳಿದಳು. ಎದುರಿಗೆ ಯಾರೂ ಇರದಿದ್ದುದೇ ಅವಳಿಗೆ ಧೈರ್ಯವಾಯಿತು. ಮರುದಿನ ತರಗತಿ ಅದನ್ನು ಕೇಳಿತು. ಆ ಕಥೆಯಲ್ಲಿ ಬಂದ, ಗದ್ದೆಗೂ ಮಳೆಗೂ ಸಂಬಂಧಿಸಿದ ಕೆಲವು ಪದಗಳು ನಾಲ್ಕು ದಶಕಗಳಿಂದ ಕನ್ನಡವನ್ನು ಅಭ್ಯಸಿಸಿದ ಈ ಲೇಖಕನಿಗೂ ಹೊಸತಾಗಿದ್ದವು. ಗೋಪಾಲಸ್ವಾಮಿಯವರು ಮೈಸೂರಿನ ಕವಿಗಳಿಗೆ, ವಿದ್ವಾಂಸರಿಗೆ, ಗಾಯಕರಿಗೆ ಬಾಗಿಲು ತೆರೆದರು. ಆ ಬಾಗಿಲನ್ನು ಇನ್ನೂ ಅಗಲವಾಗಿ ತೆರೆದು, ಇದುವರೆಗೆ ಯಾರೂ ಕೇಳಿಸಿಕೊಳ್ಳದ ಧ್ವನಿಯನ್ನು ಒಳಗೆ ಕರೆಯುವುದು ನಮ್ಮ ಪಾಲಿನ ಕಾರ್ಯ. ಹಿರಿಯರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ಅವರೊಡನೆ ಸೋಬಾನೆಯ ಹಾಡೂ, ನಾಟಿಯ ಪದವೂ, ಈ ಬೆಟ್ಟಗಳ ನುಡಿಗಟ್ಟೂ ತೆರಳುತ್ತಿವೆ. ಇಂದು ಮುದ್ರಿಸಿಕೊಳ್ಳದ ಧ್ವನಿ ನಾಳೆ ಯಾವ ಹಣಕ್ಕೂ ದೊರೆಯದು.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ವಿನಂತಿ. ಈ ಕಾರ್ಯಕ್ಕೆ ಬೇಕಾದುದು ದೊಡ್ಡ ಮೊತ್ತವೇನೂ ಅಲ್ಲ. ಸದ್ದು ಹೊಕ್ಕದ ಒಂದು ಪುಟ್ಟ ಕೋಣೆ, ಒಂದೆರಡು ಒಳ್ಳೆಯ ಮೈಕು, ಧ್ವನಿಗಳನ್ನು ಜೋಪಾನವಾಗಿ ಇಡುವ ವ್ಯವಸ್ಥೆ. ಅದಕ್ಕಿಂತಲೂ ಹೆಚ್ಚಾಗಿ ಬೇಕಾದುದು ತಮ್ಮ ತಮ್ಮ ಮನೆಯ ಹಿರಿಯರನ್ನು ನಮ್ಮ ಮಕ್ಕಳ ಮುಂದೆ ಕುಳ್ಳಿರಿಸುವ ಮನಸ್ಸು. ತಮ್ಮ ಮನೆಯನ್ನೇ ನುಡಿಗೆ ಬಿಟ್ಟುಕೊಟ್ಟ ಒಬ್ಬ ಅಧ್ಯಾಪಕರ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಗೌರವ ಬೇರೊಂದು ತೋರದು. ಶ್ರೀಮಠದ ಪೂಜ್ಯರ ಆಶೀರ್ವಾದದಿಂದ ಈ ಬೆಟ್ಟಗಳ ಮಕ್ಕಳ ನುಡಿ ನಾಲ್ಕು ಕಡೆಗೂ ಕೇಳಿಸುವಂತಾಗಲಿ, ಕೇಳುವ ಕಿವಿಗಳು ಹೆಚ್ಚಲಿ ಎಂದು ಹಾರೈಸಿ ಈ ನುಡಿನಮನವನ್ನು ಮುಗಿಸುತ್ತೇನೆ.